ವಾದ್ಯ ಕೈಗೆ ಬಂದ ಕೂಡಲೇ ಯಾರೂ ಮಾತು ಕೇಳುವುದಿಲ್ಲ, ಏನು ಮಾಡಲಿ?

ಸಂಗೀತದ ಪೀರಿಯಡ್:

ಒಂದರಿಂದ ಐದನೇ ಕ್ಲಾಸಿನವರೆಗೆ ಸಂಗೀತ ಕಲಿಸುತ್ತೇನೆ. ಒಂದೊಂದು ಸೆಕ್ಷನ್ ನನ್ನ ಹತ್ತಿರ ಬರುವುದು ವಾರಕ್ಕೆ ಒಂದೇ ಸಲ, ಅದೂ ನಲವತ್ತು ನಿಮಿಷ. ಬಂದು ಕೂರುವುದರಲ್ಲಿ ಒಂದಷ್ಟು ಹೋಗುತ್ತದೆ, ವಾಪಸ್ ಹೋಗಲು ಸಾಲು ನಿಲ್ಲಿಸುವುದರಲ್ಲಿ ಇನ್ನೊಂದಷ್ಟು. ಹಾಡು ಹೇಳಿಸುವಷ್ಟು ಹೊತ್ತು ಹೇಗೋ ನಡೆಯುತ್ತದೆ. ವಾದ್ಯ ಹೊರಗೆ ತೆಗೆದೆ ಅಂದರೆ ಕಥೆ ಮುಗಿಯಿತು. ತಾಳದ ಕಡ್ಡಿ ಕೊಟ್ಟರೆ ಕತ್ತಿವರಸೆ. ಡ್ರಮ್ ಕೊಟ್ಟರೆ ನಾನು "ನಿಲ್ಲಿಸಿ" ಅಂದಿದ್ದು ನನಗೇ ಕೇಳಿಸುವುದಿಲ್ಲ. ರೆಕಾರ್ಡರ್ (ಕೊಳಲಿನ ಹಾಗೆ ಊದುವ ವಾದ್ಯ) ವಿಷಯ ಹೇಳುವುದೇ ಬೇಡ, ಊದಿಸಿ ನೋಡಿದವರಿಗೆ ಗೊತ್ತು.

ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ನಾನು ಬಾಯಿ ತೆರೆಯುವುದನ್ನೇ ಕಾಯುತ್ತಿರುತ್ತಾನೆ, ತೆರೆದ ಕೂಡಲೇ ಝೈಲೋಫೋನಿನ (ಸಾಲಾಗಿ ಜೋಡಿಸಿದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ) ಈ ತುದಿಯಿಂದ ಆ ತುದಿಗೆ ಕೋಲು ಎಳೆಯುತ್ತಾನೆ, ಡರ್ರ್ ಅಂತ. ಎಲ್ಲರೂ ನಗುತ್ತಾರೆ. ಬೈದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಡರ್ರ್. ಕ್ಲಾಸ್ ಟೀಚರನ್ನು ಕೇಳಿದರೆ "ನಮ್ಮಲ್ಲಿ ಅವನು ತುಂಬಾ ಒಳ್ಳೆಯವನು" ಅನ್ನುತ್ತಾರೆ. ಪಕ್ಕದ ಕೋಣೆಯವರು ಗಲಾಟೆ ಅಂತ ದೂರುತ್ತಾರೆ. ಸಂಜೆ ಹೊತ್ತಿಗೆ ನನ್ನ ಗಂಟಲು ಕಟ್ಟಿರುತ್ತದೆ.

"ಮಕ್ಕಳನ್ನು ಪ್ರೀತಿಯಿಂದ ನೋಡಿ" ಅನ್ನುವ ಉತ್ತರ ದಯವಿಟ್ಟು ಬೇಡ. ಪ್ರೀತಿಯಿಂದಲೇ ನೋಡುತ್ತಿದ್ದೇನೆ. ಮೂವತ್ತು ಕಡ್ಡಿಗಳ ಎದುರು ನಿಂತವರು ಏನು ಮಾಡುತ್ತೀರಿ, ಅದನ್ನು ಹೇಳಿ.

ಕಡಕ್ ಮೇಷ್ಟ್ರು:

ಸುಲಭ. ನಿಯಮ ಮೂರು: ಹೇಳುವ ಮೊದಲು ಬಾರಿಸಬಾರದು, ನಿಲ್ಲಿಸಿ ಅಂದರೆ ನಿಲ್ಲಿಸಬೇಕು, ವಾದ್ಯ ಆಟದ ಸಾಮಾನಲ್ಲ. ಮುರಿದವರಿಗೆ ಒಂದು ಎಚ್ಚರಿಕೆ. ಎರಡನೇ ಸಲ ವಾದ್ಯ ವಾಪಸ್, ಆ ದಿನಕ್ಕೆ ಸಿಗುವುದಿಲ್ಲ. ಅತ್ತರೂ ಸಿಗುವುದಿಲ್ಲ. ನಾಲ್ಕು ವಾರ ಇದನ್ನು ತಪ್ಪದೆ ಮಾಡಿ, ಆಮೇಲೆ ನೋಡಿ. ನೀವು ಎರಡು ಸಲ ಬೈದು ಮೂರನೇ ಸಲ ಬಿಟ್ಟುಬಿಡುತ್ತಿದ್ದೀರಿ ಅನ್ನಿಸುತ್ತದೆ. ಅದು ಅವರಿಗೆ ಗೊತ್ತು.

ಮೂರನೇ ಬೆಂಚು:

ನಾನು ಟೀಚರ್ ಅಲ್ಲ, ಅಮ್ಮ. ಒಂದೇ ಮಾತು ಹೇಳಿ ಹೋಗುತ್ತೇನೆ. ಏನೇ ಮಾಡಿದರೂ "ನಾಲ್ಕು ಜನ ಗಲಾಟೆ ಮಾಡಿದರು, ಹಾಗಾಗಿ ಇವತ್ತು ಯಾರಿಗೂ ವಾದ್ಯ ಇಲ್ಲ" ಅನ್ನುವುದನ್ನು ಮಾತ್ರ ಮಾಡಬೇಡಿ. ನನ್ನ ಮಗಳು ವಾರವಿಡೀ ಆ ಒಂದು ಪೀರಿಯಡ್ಡಿಗೆ ಕಾಯುತ್ತಾಳೆ. ಮನೆಗೆ ಬಂದು "ನಾನೇನು ಮಾಡಿದೆ?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ.

ಹಳೇ ಹಾರ್ಮೋನಿಯಂ:

ಮೇಡಂ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಮೊದಲು ಒಂದು ಮಾತು. ಮಗುವಿನ ಕೈಗೆ ಶಬ್ದ ಬರುವ ವಸ್ತು ಕೊಟ್ಟು, ಅದನ್ನು ಬಾರಿಸದೆ ನಮ್ಮ ಮಾತು ಕೇಳು ಅನ್ನುವುದು ದೊಡ್ಡವರಿಗೂ ಕಷ್ಟದ ಕೆಲಸ. ಸಂಗೀತ ಮೇಷ್ಟ್ರುಗಳು ಹತ್ತು ಜನ ಒಂದು ಕೋಣೆಯಲ್ಲಿ ಸೇರಿದರೆ ಏನಾಗುತ್ತದೆ ಅಂತ ನೋಡಿದ್ದೀರಲ್ಲ? ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಡ್ರಮ್ ಮೇಲೆ ಬೆರಳಾಡಿಸುತ್ತಿರುತ್ತಾರೆ. ಹಾಗಾಗಿ ನಮ್ಮ ಕ್ಲಾಸಲ್ಲಿ ಗಲಾಟೆ ಅನ್ನಿಸುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಟತನವೇ ಅಲ್ಲ. ಬಾರಿಸುವ ಆಸೆ, ಅಷ್ಟೇ. ಅದೇ ಆಸೆಯನ್ನು ನಂಬಿ ನಮ್ಮ ಕೆಲಸ ನಡೆಯುವುದು. ಹಾಗಾಗಿ ನನ್ನ ಲೆಕ್ಕ ಇಷ್ಟು: ವಾದ್ಯ ಕೈಯಲ್ಲಿದ್ದಾಗ ನಾನು ಮಾತಾಡುವುದಿಲ್ಲ. ಮಾತಾಡಬೇಕಾದಾಗ ವಾದ್ಯ ಅವರ ಕೈಯಲ್ಲಿರುವುದಿಲ್ಲ.

ಇದನ್ನು ಮಾಡುವುದು ಹೇಗೆ? ಕಡ್ಡಿಯನ್ನೇ ತೆಗೆದುಕೊಳ್ಳಿ. ಕೊಡುವ ಮೊದಲೇ ಪಾಠ ಕೈಗೆ ಇಳಿದಿರಬೇಕು. ಮಕ್ಕಳು ನೆಲದ ಮೇಲೆ ಕೂತಿದ್ದಾರೆ, ಕೈ ಖಾಲಿ. ನಾನು ತೊಡೆ ತಟ್ಟಿ "ತ ಕ ಧಿ ಮಿ" ಅನ್ನುತ್ತೇನೆ, ಅವರೂ ತಟ್ಟಿ ಹೇಳುತ್ತಾರೆ. ವಿವರಣೆ ಏನೂ ಇಲ್ಲ. ಆಮೇಲೆ "ತ ಕಿ ಟ". ಆಮೇಲೆ "ತ ಕ" ಅಂದು ಉಳಿದೆರಡು ಎಣಿಕೆ ಖಾಲಿ ಬಿಡುತ್ತೇನೆ. ಇಲ್ಲಿ ಒಂದಿಬ್ಬರು ಖಾಲಿ ಜಾಗದಲ್ಲಿ ತಟ್ಟಿಬಿಡುತ್ತಾರೆ, ತಾವೇ ನಗುತ್ತಾರೆ, ಮತ್ತೆ ಮಾಡುತ್ತೇವೆ. ಖಾಲಿ ಜಾಗ ಎಲ್ಲರಿಗೂ ಸರಿಯಾಗಿ ಸಿಗುವವರೆಗೆ ಕಡ್ಡಿ ಬರುವುದಿಲ್ಲ. ಯಾಕೆ ಅಂದರೆ ನನಗೆ ಬೇಕಾದ "ನಿಲ್ಲಿಸುವುದು" ಆ ಖಾಲಿ ಜಾಗದಲ್ಲೇ ಇದೆ. ನಿಲ್ಲಿಸುವುದನ್ನು ನಿಯಮ ಅಂತ ಹೇಳಿಕೊಟ್ಟರೆ ಅದು ಮೇಷ್ಟ್ರ ಕಾಟ. ತಾಳದ ಭಾಗ ಅಂತ ಕಲಿಸಿದರೆ ಅದೇ ಆಟ.

ಆಮೇಲೆ ಕಡ್ಡಿ. ಹಂಚುವಾಗಲೂ ಹಾಡು ನಡೆಯುತ್ತಿರುತ್ತದೆ. ಸಿಕ್ಕಿದವರು ಎರಡೂ ಕಡ್ಡಿ ಹೆಗಲ ಮೇಲೆ ಇಟ್ಟುಕೊಳ್ಳಬೇಕು, ಒಂದೊಂದು ಹೆಗಲಿಗೆ ಒಂದೊಂದು. "ಬಾರಿಸಬೇಡಿ" ಅಂದರೆ ಕೈ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಾಗುವುದಿಲ್ಲ. "ಹೆಗಲಿಗೆ" ಅಂದರೆ ಗೊತ್ತಾಗುತ್ತದೆ. ಪ್ರತಿ ವಾದ್ಯಕ್ಕೂ ಇಂಥ ಒಂದು ವಿಶ್ರಾಂತಿ ಜಾಗ ಇರಲಿ. ರೆಕಾರ್ಡರ್ ಗದ್ದಕ್ಕೆ, ಅಂದರೆ ತುಟಿಯ ಕೆಳಗೆ ತಾಗಿಸಿ. ಡ್ರಮ್ ಆದರೆ ಎರಡೂ ಕೈ ಹೊಟ್ಟೆಯ ಮೇಲೆ. ಝೈಲೋಫೋನ್ ಕೋಲು ಕಂಕುಳಲ್ಲಿ. ಗಿಲಕಿ, ಟ್ಯಾಂಬರೀನ್ ಇವೆರಡಕ್ಕೂ ಮಾತ್ರ ನೆಲವೇ ಗತಿ, ಕೈಯಲ್ಲಿದ್ದಷ್ಟು ಹೊತ್ತು ಸದ್ದು ಬಂದೇ ಬರುತ್ತದೆ.

ಇನ್ನು ನಿಲ್ಲಿಸುವ ಸಂಜ್ಞೆ. ಬಾಯಲ್ಲಿ ಕೂಗಬೇಡಿ. ಮೂವತ್ತು ಡ್ರಮ್ಮಿನ ಮುಂದೆ ನಿಮ್ಮ ದನಿ ಸೋಲುವುದು ಖಂಡಿತ. ಕೈ ಮೇಲೆತ್ತಿ ಮುಷ್ಟಿ ಕಟ್ಟಿ, ಇಲ್ಲವೇ ಒಂದು ದೊಡ್ಡ ಘಂಟೆ. ಮುಷ್ಟಿ ನೋಡಬೇಕಾದರೆ ಅವರು ನಿಮ್ಮ ಕಡೆ ತಿರುಗಿರಬೇಕು, ಅದೂ ಒಂದು ಲಾಭ. ಇದನ್ನು ಆಟ ಮಾಡಿ: ಜೋರಾಗಿ ಬಾರಿಸುತ್ತಿರುವಾಗ ಹೇಳದೆ ಕೇಳದೆ ಮುಷ್ಟಿ ಕಟ್ಟಿ, ಕೊನೆಗೆ ಸದ್ದು ಮಾಡಿದವರು ಯಾರು ಅಂತ ಎಲ್ಲರೂ ಕಿವಿಗೊಡಲಿ. ಆದರೆ ಸೋತವರನ್ನು ಆಟದಿಂದ ಹೊರಗೆ ಕೂರಿಸಬೇಡಿ. ಹೊರಗೆ ಕೂತವನಿಗೆ ಅಭ್ಯಾಸ ಬೇಕಿರುವುದು, ಅವನಿಗೇ ಅದು ಸಿಗದೆ ಹೋಗುತ್ತದೆ. ಅದೂ ಅಲ್ಲದೆ ಹೊರಗೆ ಕೂತವನು ಸುಮ್ಮನೆ ಕೂರುತ್ತಾನಾ?

ಸಂಗೀತ ನಿಂತಾಗ ಮೈಯೂ ನಿಲ್ಲಬೇಕು ಅನ್ನುವ ಅಭ್ಯಾಸ ಹೊಸದೇನಲ್ಲ. ಎಮಿಲ್ ಜಾಕ್ ಡಾಲ್‌ಕ್ರೋಜ್ (1865–1950) ಅನ್ನುವ ಸ್ವಿಸ್ ಸಂಗೀತ ಶಿಕ್ಷಕರು ಪಿಯಾನೋ ನುಡಿಸುತ್ತಾ ಮಕ್ಕಳನ್ನು ನಡೆಸುವುದು, ನಿಲ್ಲಿಸುವುದು, ತಿರುಗಿಸುವುದು, ಇದನ್ನೇ ಒಂದು ಪದ್ಧತಿ ಮಾಡಿದರು. ಅವರ ಉದ್ದೇಶ ಲಯ ಕಲಿಸುವುದಾಗಿತ್ತು. ಶಿಸ್ತು ಅದರ ಜೊತೆಗೆ ಬಂತು.

ಕಡಕ್ ಮೇಷ್ಟ್ರು:

ಸರ್, ಇದೆಲ್ಲ ಕೇಳಲು ಚೆನ್ನಾಗಿದೆ. ಆದರೆ ಮುಷ್ಟಿ ಕಟ್ಟಿದ ಮೇಲೂ ಬಾರಿಸುವವನಿಗೆ ಏನು ಮಾಡುತ್ತೀರಿ? ಕೊನೆಗೆ ವಾದ್ಯ ಕಿತ್ತುಕೊಳ್ಳಲೇಬೇಕಲ್ವಾ? ಹಾಗಿದ್ದಾಗ ನಾನು ಹೇಳಿದ್ದರಲ್ಲಿ ತಪ್ಪೇನು?

ಹಳೇ ಹಾರ್ಮೋನಿಯಂ:

ವಾದ್ಯ ಇಳಿಸಬೇಕಾಗುತ್ತದೆ, ಹೌದು. ಕೋಲಿನಿಂದ ಪಕ್ಕದವನಿಗೆ ಹೊಡೆದರೆ ಎಚ್ಚರಿಕೆಯೂ ಇಲ್ಲ, ಆ ಕ್ಷಣವೇ ಕೋಲು ಕೆಳಗೆ. ಅದರಲ್ಲಿ ನಿಮ್ಮ ಪಕ್ಷ ನಾನು. ಆದರೆ "ಇಡೀ ದಿನಕ್ಕೆ ಇಲ್ಲ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಕ್ಲಾಸಿಗೆ ಆ ಮಗು ಬರುವುದು ವಾರಕ್ಕೊಂದು ಸಲ. ಐದನೇ ನಿಮಿಷಕ್ಕೆ ವಾದ್ಯ ಕಳೆದುಕೊಂಡವನಿಗೆ ಇನ್ನು ಮೂವತ್ತೈದು ನಿಮಿಷ ಕಳೆದುಕೊಳ್ಳಲು ಏನೂ ಉಳಿದಿಲ್ಲ. ಅವನನ್ನು ಯಾವುದರಿಂದ ಹಿಡಿಯುತ್ತೀರಿ? ನಾನು ಒಂದು ಸುತ್ತಿಗೆ ಮಾತ್ರ ಇಳಿಸುತ್ತೇನೆ. "ಈ ಸುತ್ತು ನೀನು ಕೈಯಲ್ಲಿ ತಾಳ ಹಾಕು, ಮುಂದಿನ ಸುತ್ತಿಗೆ ಕಡ್ಡಿ" ಅಂತ ಮೆಲ್ಲಗೆ, ಅವನಿಗೆ ಮಾತ್ರ ಕೇಳುವ ಹಾಗೆ. ಮುಂದಿನ ಸುತ್ತಿಗೆ ಕೊಟ್ಟೇ ಕೊಡುತ್ತೇನೆ. ಭಾಷಣ ಇಲ್ಲ.

ಇನ್ನೊಂದು ವಿಷಯ. ಜೇಕಬ್ ಕೌನಿನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ತುಂಬಾ ಕ್ಲಾಸುಗಳನ್ನು ಚಿತ್ರೀಕರಿಸಿ ನೋಡಿ 1970ರಲ್ಲಿ ಪ್ರಕಟಿಸಿದ ಕೆಲಸ ಇದೆ. ಗಲಾಟೆ ಆದ ಮೇಲೆ ಟೀಚರ್ ಹೇಗೆ ಗದರಿಸುತ್ತಾರೆ ಅನ್ನುವುದರಲ್ಲಿ ಒಳ್ಳೆಯ ಕ್ಲಾಸಿಗೂ ಕೆಟ್ಟ ಕ್ಲಾಸಿಗೂ ಹೇಳಿಕೊಳ್ಳುವ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಗಲಾಟೆಗೆ ಮುಂಚೆ: ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ತಡವರಿಸದೆ ಹೋಗುವುದು, ಕೋಣೆಯಲ್ಲಿ ಎಲ್ಲೆಲ್ಲಿ ಏನು ನಡೆಯುತ್ತಿದೆ ಅಂತ ಟೀಚರಿಗೆ ಗೊತ್ತಿದೆ ಅನ್ನುವುದು ಮಕ್ಕಳಿಗೆ ಗೊತ್ತಿರುವುದು, ಎಲ್ಲರೂ ಒಟ್ಟಿಗೆ ಎಚ್ಚರವಾಗಿರುವ ಹಾಗೆ ಪಾಠ ಸಾಗುವುದು. ಸಂಗೀತದ ಕ್ಲಾಸಿನಲ್ಲಿ "ಒಂದರಿಂದ ಇನ್ನೊಂದಕ್ಕೆ" ಅನ್ನುವ ಸಂದರ್ಭಗಳು ಉಳಿದವರಿಗಿಂತ ಜಾಸ್ತಿ. ಹಾಡು, ಕುಣಿತ, ವಾದ್ಯ, ಮತ್ತೆ ಹಾಡು. ಪ್ರತಿ ಸಲ ಮಕ್ಕಳು ಏಳುತ್ತಾರೆ, ಕೂರುತ್ತಾರೆ, ವಸ್ತು ಕೈ ಬದಲಾಗುತ್ತದೆ. ನಮ್ಮ ಗಲಾಟೆ ಎಲ್ಲ ಅಲ್ಲೇ ಹುಟ್ಟುವುದು.

ಕಡ್ಡಿತಾಳ:

ಮೇಲಿನವರ ಮಾತಿಗೆ ನನ್ನದೂ ಸೇರಿಸುತ್ತೇನೆ, ಎಲ್ಲ ಚಿಲ್ಲರೆ ವಿಷಯ ಆದರೆ ನನ್ನನ್ನು ಬದುಕಿಸಿದ್ದು ಇವೇ.

ಮೂವತ್ತು ಮಕ್ಕಳಿಗೆ ಮೂವತ್ತು ವಾದ್ಯ ಕೊಡಲೇಬೇಕು ಅಂತ ಯಾರು ಹೇಳಿದ್ದು? ಹತ್ತು ಸಾಕು. ಹತ್ತು ಜನ ಬಾರಿಸುತ್ತಾರೆ, ಹತ್ತು ಜನ ಹಾಡುತ್ತಾರೆ, ಹತ್ತು ಜನ ಅದೇ ಲಯವನ್ನು ತೊಡೆಯ ಮೇಲೆ ತಟ್ಟುತ್ತಾ ತಮ್ಮ ಸರದಿಗೆ ತಯಾರಾಗುತ್ತಾರೆ. ಸುತ್ತು ಮುಗಿದ ಕೂಡಲೇ ಬದಲು. ಬದಲಾಗುವಾಗ ಮಕ್ಕಳು ಜಾಗ ಬದಲಿಸಲಿ, ವಾದ್ಯ ಅಲ್ಲೇ ಇರಲಿ. ವಾದ್ಯವನ್ನು ಕೈಯಿಂದ ಕೈಗೆ ದಾಟಿಸಿದರೆ ದಾರಿಯಲ್ಲಿ ಎಲ್ಲರೂ ಒಮ್ಮೊಮ್ಮೆ ಬಾರಿಸಿಯೇ ದಾಟಿಸುತ್ತಾರೆ. ಸರದಿ ಬೇಗ ಬರುತ್ತದೆ ಅನ್ನುವ ನಂಬಿಕೆ ಬರುವವರೆಗೆ ಮೊದಲ ಒಂದೆರಡು ಕ್ಲಾಸು ಗೊಣಗುತ್ತಾರೆ, ಗೊಣಗಲಿ.

ಝೈಲೋಫೋನಿನ ಪಟ್ಟಿಗಳನ್ನು ತೆಗೆಯಲು ಬರುತ್ತದಾ ನೋಡಿ. ಜರ್ಮನಿಯ ಸಂಗೀತ ಸಂಯೋಜಕ ಕಾರ್ಲ್ ಆರ್ಫ್ ಅವರ ಕಲಿಕೆಯ ಪದ್ಧತಿಯಲ್ಲಿ ಬಳಸುವ ವಾದ್ಯಗಳಲ್ಲಿ ಬರುತ್ತದೆ, ಅವುಗಳನ್ನು ಮಾಡಿದ್ದೇ ಹಾಗೆ. ಮಧ್ಯಮ, ನಿಷಾದ (ಮ, ನಿ) ಎರಡನ್ನೂ ಎತ್ತಿಟ್ಟುಬಿಡಿ. ಉಳಿದಿದ್ದು ಸ ರಿ ಗ ಪ ದ, ಅಂದರೆ ನಮ್ಮ ಮೋಹನ ರಾಗ. ಯಾರು ಎಲ್ಲಿ ಹೊಡೆದರೂ ಕಿವಿಗೆ ಚುಚ್ಚುವುದಿಲ್ಲ. ತಪ್ಪು ಸ್ವರ ಹೊಡೆದು ಪಕ್ಕದವನ ಕೈಲಿ ನಗಿಸಿಕೊಂಡು, ಆ ಅವಮಾನಕ್ಕೆ ಬೇಕೆಂದೇ ಗಲಾಟೆ ಮಾಡುವ ಮಕ್ಕಳು ಇದ್ದಾರೆ. ಅಂಥವರು ಇದರಿಂದ ತಣ್ಣಗಾಗುತ್ತಾರೆ.

ರೆಕಾರ್ಡರ್: ಕಿರುಚುವುದಕ್ಕೆ ಕಾರಣ ಎರಡೇ. ಜೋರಾಗಿ ಊದುವುದು, ಇಲ್ಲವೇ ತೂತು ಪೂರ್ತಿ ಮುಚ್ಚದಿರುವುದು. ಬೆರಳ ತುದಿಯಲ್ಲಿ ಮುಚ್ಚುತ್ತಾರೆ, ಮೆತ್ತನೆಯ ಭಾಗದಿಂದ ಮುಚ್ಚಬೇಕು. ಒತ್ತಿ ತೆಗೆದ ಮೇಲೆ ಬೆರಳ ಮೇಲೆ ದುಂಡಗೆ ಅಚ್ಚು ಬಿದ್ದಿದೆಯಾ ಅಂತ ಅವರೇ ನೋಡಿಕೊಳ್ಳಲಿ. ಅಚ್ಚು ತೋರಿಸಲು ಓಡಿ ಬರುತ್ತಾರೆ, ಎಂಥ ಸಂಭ್ರಮ ಅಂತೀರಿ. ಊದುವಾಗ "ತೂ" ಅಂತ ಮೆಲ್ಲಗೆ, ಕಿಟಕಿ ಗಾಜಿನ ಮೇಲೆ ಆವಿ ಬಿಡುವಷ್ಟೇ ಉಸಿರು. ಎಡಗೈಯ ಮೂರೇ ಸ್ವರ, ಪಾಶ್ಚಾತ್ಯ ಸಂಗೀತದ ಬಿ, ಎ, ಜಿ, ಮೊದಲ ಕೆಲವು ತಿಂಗಳು ಅಷ್ಟು ಸಾಕು. ಒಳ್ಳೆಯ ಸದ್ದು ಬರದ ವಾದ್ಯದಲ್ಲಿ ಮಗು ಕೆಟ್ಟ ಸದ್ದನ್ನೇ ಆಟ ಮಾಡಿಕೊಳ್ಳುತ್ತದೆ. ಶಿಸ್ತಿನ ಸಮಸ್ಯೆ ಅಂತ ನಾವು ಬರೆದುಕೊಳ್ಳುತ್ತೇವೆ, ಇದ್ದಿದ್ದು ಬೆರಳಿನ ಸಮಸ್ಯೆ.

ನಿಮ್ಮ ಗಂಟಲಿನ ವಿಷಯ. ಸೂಚನೆಗಳನ್ನು ಹಾಡಿ. ನಿಜವಾಗಿ. "ಎದ್ದು ನಿಲ್ಲಿ" ಅನ್ನುವುದಕ್ಕೆ ಸ–ಪ, "ಕೂತುಕೊಳ್ಳಿ" ಅನ್ನುವುದಕ್ಕೆ ಪ–ಸ. ಒಂದು ತಿಂಗಳಾದ ಮೇಲೆ ಮಾತೂ ಬೇಡ, ಕೀಬೋರ್ಡಿನಲ್ಲಿ ಆ ಎರಡು ಸ್ವರ ಒತ್ತಿದರೆ ಸಾಕು, ಇಡೀ ಕ್ಲಾಸು ಏಳುತ್ತದೆ. ಸ್ವರಕ್ಕೊಂದು ಕೈಮುದ್ರೆಯೂ ಇದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ರೂಪಿಸಿದ್ದು, ಆಮೇಲೆ ಹಂಗೇರಿಯ ಝೋಲ್ತಾನ್ ಕೊದಾಯ್ ಅವರ ಪದ್ಧತಿಯಿಂದ ಎಲ್ಲ ಕಡೆ ಹರಡಿತು. ಕೈಮುದ್ರೆ ತೋರಿಸಿ ಹಾಡಿಸಿದರೆ ಎಲ್ಲರ ಕಣ್ಣೂ ನಿಮ್ಮ ಕೈ ಮೇಲೆ, ನಿಮ್ಮ ದನಿಗೆ ರಜೆ.

ಕ್ಲಾಸ್ ಟೀಚರ್:

"ನಮ್ಮಲ್ಲಿ ಒಳ್ಳೆಯವನು" ಅಂದ ಗುಂಪಿಗೆ ಸೇರಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಸುಳ್ಳು ಹೇಳುವುದಿಲ್ಲ ಮೇಡಂ, ನಮ್ಮ ಹತ್ತಿರ ಅವರು ದಿನಾ ಐದಾರು ಗಂಟೆ ಇರುತ್ತಾರೆ. ಹೆಸರು, ಮನೆ, ಯಾರ ಜೊತೆ ಜಗಳ, ಎಲ್ಲ ಗೊತ್ತಿರುತ್ತದೆ. ನಿಮ್ಮ ಹತ್ತಿರ ಬಂದಾಗ ಬೆಂಚಿಲ್ಲ, ಪುಸ್ತಕ ಇಲ್ಲ, ಮೈ ಬಿಡಬಹುದು. ಅದೇ ಮಗು ಬೇರೆ ಥರ ಕಾಣುತ್ತದೆ. ನಮ್ಮಿಂದ ಎರಡು ವಿಷಯ ಕೇಳಿ ಪಡೆಯಿರಿ. ಒಂದು, ಯಾರ ಪಕ್ಕ ಯಾರನ್ನು ಕೂರಿಸಬಾರದು ಅನ್ನುವ ಪಟ್ಟಿ. ಎರಡು, ಮಕ್ಕಳ ಫೋಟೋ ಹೆಸರು ಇರುವ ಹಾಳೆ. ಕೂರುವ ಜಾಗ ಗೊತ್ತು ಮಾಡಿ ಆ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. "ಏಯ್, ನೀಲಿ ಬ್ಯಾಗ್" ಅಂದರೆ ಯಾವ ಮಗುವೂ ತಿರುಗುವುದಿಲ್ಲ. ಹೆಸರು ಕರೆದರೆ ತಿರುಗುತ್ತದೆ.

ಮತ್ತೆ, ನಾವು ಬಂದು ಕರೆದುಕೊಂಡು ಹೋಗುವಾಗ ಬಾಗಿಲಲ್ಲಿ ಎಲ್ಲರ ಮುಂದೆ "ಇವತ್ತು ನಿಮ್ಮ ಕ್ಲಾಸು ತುಂಬಾ ಕೆಟ್ಟದಾಗಿತ್ತು" ಅಂತ ದೂರು ಹೇಳಬೇಡಿ. ಮಕ್ಕಳಿಗೆ ಅದರ ಅರ್ಥ ಒಂದೇ, ಈ ಮೇಡಂ ಕೈಲಿ ಆಗಲಿಲ್ಲ, ನಮ್ಮ ಮಿಸ್ಸಿಗೆ ಹೇಳುತ್ತಿದ್ದಾರೆ. ಆಮೇಲೆ ಒಂದು ಮೆಸೇಜ್ ಹಾಕಿ.

ಕಿವಿ ಮುಚ್ಚಿದ ಮಗು:

ವಿಶೇಷ ಅಗತ್ಯದ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಇಲ್ಲಿಯವರೆಗೆ ಎಲ್ಲರೂ ಸದ್ದು ಮಾಡುವ ಮಗುವಿನ ಬಗ್ಗೆ ಬರೆದಿದ್ದೀರಿ. ಸದ್ದು ತಾಳಲಾರದ ಮಗುವಿನ ಬಗ್ಗೆ ಯಾರೂ ಬರೆದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಇದ್ದಕ್ಕಿದ್ದ ಹಾಗೆ ಬರುವ ದೊಡ್ಡ ಸದ್ದು ನೋವೇ ಕೊಡುತ್ತದೆ. ಅಂಥ ಮಗು ಕಿವಿ ಮುಚ್ಚಿಕೊಳ್ಳಬಹುದು, ಮೇಜಿನ ಕೆಳಗೆ ಹೋಗಬಹುದು, ಪಕ್ಕದವನ ಡ್ರಮ್ ಒದೆಯಬಹುದು. ಒದ್ದಿದ್ದು ಮಾತ್ರ ನಮಗೆ ಕಾಣುತ್ತದೆ.

ಬಾಗಿಲ ಹತ್ತಿರ ಜಾಗ ಕೊಡಿ. ಕಿವಿ ಮುಚ್ಚುವ ಇಯರ್‌ಮಫ್ ಎರಡು ಜೊತೆ ಕೋಣೆಯಲ್ಲೇ ಇರಲಿ, ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಂತ ಇಟ್ಟರೆ ಯಾರಿಗೂ ನಾಚಿಕೆ ಇರುವುದಿಲ್ಲ. ಸದ್ದು ಶುರುವಾಗುವ ಮೊದಲು ಬೆರಳಲ್ಲಿ ಮೂರು, ಎರಡು, ಒಂದು ತೋರಿಸಿ. ಇವತ್ತು ಏನೇನು ನಡೆಯುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದಿಡಿ: ಬಾಯಿ, ಕಾಲು, ಡ್ರಮ್, ಬಾಗಿಲು. ಮುಗಿದದ್ದನ್ನು ಆ ಮಗುವೇ ಬಂದು ಅಳಿಸಲಿ. ಇದರಿಂದ ಉಳಿದ ಮಕ್ಕಳೂ "ಡ್ರಮ್ ಯಾವಾಗ ಮಿಸ್?" ಅಂತ ಪದೇ ಪದೇ ಕೇಳುವುದು ನಿಲ್ಲುತ್ತದೆ.

ಸದ್ದಿನ ಮಾತು ಬಂತು ಅಂತ ಹೇಳುತ್ತೇನೆ, ಇದು ಟೀಚರುಗಳಿಗೂ ಸೇರಿದ್ದು. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೇಳಬಾರದು ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಹೇಳುತ್ತದೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಒಂದರ ಹಿಂದೆ ಒಂದು ಡ್ರಮ್ ಕ್ಲಾಸು ಇಟ್ಟುಕೊಂಡವರು ಸ್ವಲ್ಪ ಲೆಕ್ಕ ಹಾಕಿ. ನೆಲಕ್ಕೆ ಜಮಖಾನ, ಕೋಲಿನ ತುದಿಗೆ ಉಣ್ಣೆ, ಒಂದು ಸಲಕ್ಕೆ ಕಡಿಮೆ ಡ್ರಮ್. ಪಕ್ಕದ ಕೋಣೆಯವರ ದೂರೂ ಕಡಿಮೆಯಾಗುತ್ತದೆ.

ಸಂಗೀತದ ಪೀರಿಯಡ್:

ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಒಂದು, ಸ್ಟಿಕರ್ ಕೊಡಬಹುದಾ? ಚೆನ್ನಾಗಿ ನಡೆದುಕೊಂಡವರಿಗೆ ಸ್ಟಿಕರ್, ಹತ್ತಾದರೆ ಬಹುಮಾನ, ಈ ಥರ. ಎರಡು, ಆ ಡರ್ರ್ ಹುಡುಗ. ಅವನಿಗೆ ಏನು ಮಾಡಲಿ?

ಕಡಕ್ ಮೇಷ್ಟ್ರು:

ಸ್ಟಿಕರ್ ಬೇಡವೇ ಬೇಡ. ಇದರಲ್ಲಿ ಹಾರ್ಮೋನಿಯಂ ಸರ್ ಕೂಡ ನನ್ನ ಜೊತೆ ಇರುತ್ತಾರೆ ಅಂತ ಪಂದ್ಯ ಕಟ್ಟುತ್ತೇನೆ. ಮಾಡಲೇಬೇಕಾದ್ದಕ್ಕೆ ಲಂಚ ಯಾಕೆ?

ಹಳೇ ಹಾರ್ಮೋನಿಯಂ:

ಇದ್ದೇನೆ, ಆದರೆ ಕಾರಣ ಬೇರೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು ಸಂಶೋಧಕರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಮೊದಲೇ ಚಿತ್ರ ಬಿಡಿಸುವುದು ಇಷ್ಟ ಇದ್ದ ಮಕ್ಕಳು ಅವರು. ಬಿಡಿಸಿದರೆ ಬಹುಮಾನ ಕೊಡುತ್ತೇವೆ ಅಂತ ಮುಂಚೆಯೇ ಹೇಳಿ ಕೊಟ್ಟ ಗುಂಪು, ಕೆಲವು ದಿನ ಬಿಟ್ಟು ನೋಡಿದಾಗ, ತಾವಾಗಿಯೇ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿತ್ತು. ಹೇಳದೆ ಕೊಟ್ಟವರಲ್ಲಿ ಹಾಗೆ ಆಗಲಿಲ್ಲ. ಸಂಗೀತದಲ್ಲಿ ನಮ್ಮ ಹತ್ತಿರ ಇರುವ ಬಂಡವಾಳವೇ ಆ "ಮೊದಲೇ ಇಷ್ಟ". ಡ್ರಮ್ ಬಾರಿಸಲು ಹಾತೊರೆಯುವ ಮಗುವಿಗೆ ಅದರ ಮೇಲೆ ಸ್ಟಿಕರ್ ಯಾಕೆ? ಕೊಡುವುದಿದ್ದರೆ ಸಂಗೀತವನ್ನೇ ಕೊಡಿ. ಇವತ್ತು ಬೇಗ ಮುಗಿಸಿದರೆ ನೀವು ಕೇಳಿದ ಹಾಡು ಇನ್ನೊಂದು ಸಲ, ಅಥವಾ ಕೊನೆಗೆ ದೊಡ್ಡ ಡ್ರಮ್ಮಿಗೆ ಒಬ್ಬೊಬ್ಬರದು ಒಂದೊಂದು ಪೆಟ್ಟು.

ಡರ್ರ್ ಹುಡುಗನ ವಿಷಯ. ಆ ಸದ್ದಿಗೆ ಪಾಠದಲ್ಲಿ ಜಾಗ ಕೊಡಿ. ಪಟ್ಟಿಗಳ ಮೇಲೆ ಕೋಲು ಎಳೆಯುವುದು ಸಂಗೀತದಲ್ಲಿ ಇರುವುದೇ, ಗ್ಲಿಸ್ಯಾಂಡೋ ಅನ್ನುತ್ತಾರೆ. ಮಳೆಯ ಹಾಡೋ ಗಾಳಿಯ ಹಾಡೋ ಮಾಡಿಸಿ, ಎರಡನೇ ಸಾಲು ಮುಗಿದ ಮೇಲೆ, ಎಂಟನೇ ಎಣಿಕೆಗೆ ಸರಿಯಾಗಿ ಡರ್ರ್ ಬರಬೇಕು. ಅವನೊಬ್ಬನಿಗೇ ಕೊಡಬೇಡಿ. ಎಲ್ಲರೂ ಸರದಿಯಲ್ಲಿ ಮಾಡಲಿ. ಅದು ಎಲ್ಲರ ಕೆಲಸ ಆದ ಮೇಲೆ ನಗು ಬರುವುದಿಲ್ಲ, ನಗು ಬರದಿದ್ದರೆ ಅವನಿಗೂ ಆಸಕ್ತಿ ಹೋಗುತ್ತದೆ. ಎಂಟನೇ ಎಣಿಕೆಗೆ ಸರಿಯಾಗಿ ಎಳೆಯುವುದು ಸುಲಭವಲ್ಲ, ಅದೂ ಅವನಿಗೆ ಗೊತ್ತಾಗಲಿ.

ಕಡ್ಡಿತಾಳ:

ಇಲ್ಲಿ ಮಾತ್ರ ನಾನು ಒಪ್ಪುವುದಿಲ್ಲ ಸರ್. ಮೊದಲು ಮೇಡಂ ತಾವು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಲಿ. ಹುಡುಗ ಎಳೆಯುವುದು "ನಾನು ಬಾಯಿ ತೆರೆದ ಕೂಡಲೇ" ಅಂತ ಅವರೇ ಬರೆದಿದ್ದಾರೆ. ಆಗ ಕೋಲು ಅವನ ಕೈಯಲ್ಲಿ ಯಾಕಿತ್ತು? ಅದನ್ನು ಸರಿ ಮಾಡದೆ ಗ್ಲಿಸ್ಯಾಂಡೋ ಕೊಟ್ಟರೆ ನಾಳೆ ಇನ್ನೊಂದು ಸದ್ದು ಹುಡುಕುತ್ತಾನೆ, ಅಷ್ಟೇ.

ಐದನೇ ಕ್ಲಾಸಿನ ಗೋಳು:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಸಮಸ್ಯೆ ಉಲ್ಟಾ. ಐದನೇ ಕ್ಲಾಸಿನ ಹುಡುಗರು ಹಾಡುವುದೇ ಇಲ್ಲ. ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ಒಬ್ಬ ಹಾಡಿದರೆ ಉಳಿದವರು ಅವನನ್ನು ನೋಡಿ ಕಿಸಕ್ ಅನ್ನುತ್ತಾರೆ.

ಹಳೇ ಹಾರ್ಮೋನಿಯಂ:

ಒಬ್ಬೊಬ್ಬರನ್ನೇ ನಿಲ್ಲಿಸಿ ಹಾಡಿಸುವುದನ್ನು ಈಗಲೇ ಬಿಡಿ. ಮೂವರ ಗುಂಪು ಮಾಡಿ. ಶ್ರುತಿ (ಹಾಡುವ ಎತ್ತರ) ಒಂದೆರಡು ಮನೆ ಕೆಳಗೆ ಇಳಿಸಿ ನೋಡಿ, ಆ ವಯಸ್ಸಿನವರಿಗೆ ಚಿಕ್ಕ ಮಕ್ಕಳ ದನಿಯಲ್ಲಿ ಹಾಡುವುದಕ್ಕೇ ನಾಚಿಕೆ. ಕಿಸಕ್ ಅನ್ನುವುದಕ್ಕೆ ಮಾತ್ರ ಸಡಿಲ ಬಿಡಬೇಡಿ. ಗದ್ದಲಕ್ಕೆ ನಾನು ಎಷ್ಟು ಸಡಿಲವೋ ಇದಕ್ಕೆ ಅಷ್ಟೇ ಬಿಗಿ. ಇನ್ನೊಬ್ಬರು ಹಾಡುವಾಗ ನಕ್ಕವರ ಹತ್ತಿರ ಕ್ಲಾಸು ಮುಗಿದ ಮೇಲೆ ಮಾತಾಡಿಯೇ ಕಳಿಸುತ್ತೇನೆ, ಪ್ರತಿ ಸಲ. ಒಂದು ಸಲ ನಗಿಸಿಕೊಂಡು ಬಾಯಿ ಮುಚ್ಚಿದ ಮಗು ಆಮೇಲೆ ಎಷ್ಟೋ ವರ್ಷ ಹಾಡುವುದಿಲ್ಲ.

ಸಂಗೀತದ ಪೀರಿಯಡ್:

ಕೆಲವು ವಾರ ಆಯಿತು, ಏನಾಯಿತು ಅಂತ ಬರೆಯುತ್ತೇನೆ ಅಂದಿದ್ದೆ.

ಹೆಗಲಿಗೆ ಕಡ್ಡಿ: ಎರಡನೇ ಕ್ಲಾಸಿನವರಿಗೆ ಹುಚ್ಚು ಹಿಡಿದಿದೆ. ಈಗ ಅವರೇ ಒಬ್ಬರಿಗೊಬ್ಬರು "ಹೆಗಲಿಗೆ, ಹೆಗಲಿಗೆ" ಅಂತ ಪಿಸುಗುಡುತ್ತಾರೆ. ನಾಲ್ಕನೇ ಕ್ಲಾಸಿನವರಿಗೆ ಇದು ಚಿಕ್ಕಮಕ್ಕಳ ಆಟ ಅನ್ನಿಸಿತು, ಅವರಿಗೆ ನೆಲದ ಮೇಲೆ ಇಡಿಸುತ್ತಿದ್ದೇನೆ, ನಡೆಯುತ್ತಿದೆ. ಮುಷ್ಟಿ ಎಲ್ಲ ಕಡೆ ಕೆಲಸ ಮಾಡಿತು, ಒಂದನೇ ಕ್ಲಾಸು ಬಿಟ್ಟು. ಅಲ್ಲಿ ಯಾರೂ ನನ್ನ ಕಡೆ ನೋಡುವುದೇ ಇಲ್ಲ, ಡ್ರಮ್ಮನ್ನೇ ನೋಡುತ್ತಿರುತ್ತಾರೆ. ಅವರಿಗೆ ಘಂಟೆ. ಸ್ವರದಲ್ಲಿ ಸೂಚನೆ ಕೊಡುವುದು ಮೊದಲು ನನಗೇ ನಗು ತರಿಸಿತು, ಆದರೆ ಗಂಟಲು ನಿಜಕ್ಕೂ ಉಳಿದಿದೆ.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಕಡ್ಡಿತಾಳ ಅವರೇ, ನಿಮ್ಮ ಮಾತು ಇಷ್ಟವಾಗಲಿಲ್ಲ, ಆದರೆ ಸರಿಯಾಗಿತ್ತು. ಈಗ ಝೈಲೋಫೋನ್ ತೋರಿಸಿಕೊಡುವಾಗ ಎಲ್ಲರನ್ನೂ ನನ್ನ ವಾದ್ಯದ ಸುತ್ತ ಕರೆಯುತ್ತೇನೆ, ಅವರ ಕೋಲು ಅವರ ಜಾಗದಲ್ಲೇ ಇರುತ್ತದೆ.

ಡರ್ರ್ ಹುಡುಗನಿಗೆ ಗ್ಲಿಸ್ಯಾಂಡೋ ಕೊಟ್ಟೆ. ಎಂಟನೇ ಎಣಿಕೆಗೆ ಕೂದಲೆಳೆ ತಪ್ಪದ ಹಾಗೆ ಎಳೆದ, ಉಳಿದವರಿಗೆ ಅಷ್ಟು ಚೆನ್ನಾಗಿ ಬರಲಿಲ್ಲ. ಇನ್ನೇನು ಗೆದ್ದೆ ಅಂದುಕೊಂಡೆ. ಮುಂದಿನ ವಾರ ಬಂದವನೇ ಬೂಟಿನ ಹಿಮ್ಮಡಿಯಿಂದ ನೆಲ ಕುಟ್ಟಲು ಶುರು ಮಾಡಿದ. ಆದರೆ ಗಮನಿಸಿ, ತಾಳದಲ್ಲೇ ಕುಟ್ಟುತ್ತಿದ್ದ!

ಹಳೇ ಹಾರ್ಮೋನಿಯಂ:

ಹಾಗಾದರೆ ಅವನನ್ನು ದೊಡ್ಡ ಡ್ರಮ್ಮಿನ ಹಿಂದೆ ನಿಲ್ಲಿಸಿ, ಇಡೀ ಕ್ಲಾಸಿನ ಲಯ ಹಿಡಿಯುವ ಕೆಲಸ ಕೊಡಿ. ಕೂರಿಸಬೇಡಿ, ನಿಲ್ಲಿಸಿ. ಕೆಲವರ ಕಾಲಿಗೆ ಕೂರುವುದೇ ಶಿಕ್ಷೆ.

ಕಡಕ್ ಮೇಷ್ಟ್ರು:

ಹೀಗೆ ಗಲಾಟೆ ಮಾಡಿದವನಿಗೇ ದೊಡ್ಡ ಡ್ರಮ್ ಸಿಕ್ಕರೆ, ಸುಮ್ಮನೆ ಕೂತ ಮೂರನೇ ಬೆಂಚಿನ ಮಗಳಿಗೆ ಏನು ಸಿಗುತ್ತದೆ? ಆ ತಾಯಿ ಕೇಳಿದ್ದು ಅದನ್ನೇ.

ಮೂರನೇ ಬೆಂಚು:

ಹೌದು, ಥ್ಯಾಂಕ್ಸ್ ಸರ್.

ಹಳೇ ಹಾರ್ಮೋನಿಯಂ:

ಒಪ್ಪಿದೆ. ದೊಡ್ಡ ಡ್ರಮ್ಮಿಗೆ ಹೆಸರಿನ ಪಟ್ಟಿ ಗೋಡೆಗೆ ಹಾಕಿ, ವಾರಕ್ಕಿಬ್ಬರು. ಎಲ್ಲರ ಹೆಸರೂ ಇರಲಿ, ಅವನದು ಬೇಕಾದರೆ ಸ್ವಲ್ಪ ಮೇಲೆ ಇರಲಿ. ಸರದಿ ಇಲ್ಲದ ವಾರ ಅವನು ನಿಂತು ಕಾಲಲ್ಲಿ ತಾಳ ಹಾಕಲಿ, ಬೂಟು ಬಿಚ್ಚಿ.

ಕಡ್ಡಿತಾಳ:

ಮೇಡಂ, ಒಂದನೇ ಕ್ಲಾಸಿಗೆ ಘಂಟೆ ಬಾರಿಸಿದ ಮೇಲೆ ಕೈ ಎಲ್ಲಿಗೆ ಹೋಗಬೇಕು ಅಂತ ಹೇಳಿದ್ದೀರಾ? ಘಂಟೆಗೆ "ಹೊಟ್ಟೆ" ಸೇರಿಸಿ. ಇಲ್ಲದಿದ್ದರೆ ಘಂಟೆ ನಿಂತ ಕೂಡಲೇ ಮತ್ತೆ ಬಾರಿಸುತ್ತಾರೆ.

ಸಂಗೀತದ ಪೀರಿಯಡ್:

ಹೇಳಿಲ್ಲ. ಅದಕ್ಕೇ ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. ಸೋಮವಾರ ನೋಡುತ್ತೇನೆ.